ಕೂಸಿನ ತೂಕ ಹೇಳದೆ ಬಿಡುವ ಸಂಗತಿ

ನಾಲ್ಕು ತಿಂಗಳ ಕೂಸು ಅಂಗನವಾಡಿಯ ತಕ್ಕಡಿಯಲ್ಲಿ ನೆರೆಮನೆಯ ಡಬ್ಬಿ ಹಾಲಿನ ಮಗುವಿಗಿಂತ ತುಸು ಕಡಿಮೆ ತೂಗಿದರೆ ಸಾಕು, ತಾಯಿಗೆ ಹಾಲು ಸಾಲದೆಂಬ ತೀರ್ಪು ಮನೆಯಲ್ಲಿ ಹೊರಬೀಳುತ್ತದೆ. ಆದರೆ ತಕ್ಕಡಿ ತೋರಿಸುವುದು ಒಟ್ಟು ಭಾರವನ್ನು. ಅದರಲ್ಲಿ ಕೊಬ್ಬೆಷ್ಟು, ಸ್ನಾಯು, ಎಲುಬು, ನೀರು ಎಷ್ಟೆಂಬುದನ್ನು ಅದು ಹೇಳಲಾರದು.

ಹುಟ್ಟುವಾಗ ಅಲ್ಪವಾಗಿರುವ ಕೊಬ್ಬು ನಾಲ್ಕಾರು ತಿಂಗಳಲ್ಲಿ ತೂಕದ ಸುಮಾರು ಕಾಲು ಭಾಗಕ್ಕೆ ಏರುತ್ತದೆ. ಇದು ದೋಷವಲ್ಲ, ಬೆಳೆಯುವ ಮಿದುಳಿಗೆ ಕಟ್ಟಿಟ್ಟ ಬುತ್ತಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಮೊದಲ ಆರು ತಿಂಗಳಲ್ಲಿ ಹೆಚ್ಚು ಕೊಬ್ಬು ಕಂಡುಬಂದದ್ದು ಎದೆಹಾಲಿನ ಮಕ್ಕಳಲ್ಲಿಯೇ. ಡಬ್ಬಿ ಹಾಲಿನ ಮಕ್ಕಳಲ್ಲಿ ಕೊಬ್ಬಿಲ್ಲದ ಅಂಶ ಅಧಿಕವಾಗಿತ್ತು. ವರ್ಷ ತುಂಬುವ ವೇಳೆಗೆ ಕೊಬ್ಬಿನ ಲೆಕ್ಕ ತಿರುವುಮುರುವಾಗಿ, ಡಬ್ಬಿ ಹಾಲಿನವರೇ ಮುಂದಾಗಿದ್ದರು. ಯಾವ ಮಗುವಿಗೆ ಯಾವ ಹಾಲೆಂಬುದನ್ನು ಚೀಟಿ ಎತ್ತಿ ನಿರ್ಧರಿಸಲಾಗದು. ಮನೆಯ ಸ್ಥಿತಿಗತಿಯ ಪ್ರಭಾವವೂ ಇದರಲ್ಲಿ ಬೆರೆತಿರಬಹುದು.

ಕಾರಣವನ್ನು ಮುಖ್ಯವಾಗಿ ಪ್ರೋಟೀನಿನಲ್ಲಿ ಹುಡುಕಲಾಗಿದೆ. 100 ಮಿ.ಲೀ. ತಾಯಿಹಾಲಿನಲ್ಲಿ ಸುಮಾರು 1 ಗ್ರಾಂ ಪ್ರೋಟೀನಿದ್ದರೆ ಹಸುವಿನ ಹಾಲಿನಲ್ಲಿ 3 ಗ್ರಾಮಿಗೂ ಮಿಗಿಲು. ಹಾಲಿನ ಪುಡಿಯಲ್ಲಿ ಅದನ್ನು ತಗ್ಗಿಸಿದರೂ ಸಾಮಾನ್ಯವಾಗಿ ತಾಯಿಹಾಲಿಗಿಂತ ಹೆಚ್ಚೇ ಉಳಿಯುತ್ತದೆ. ಯುರೋಪಿನ ಐದು ದೇಶಗಳ ಪ್ರಯೋಗವೊಂದರಲ್ಲಿ ಹೆಚ್ಚು ಪ್ರೋಟೀನಿನ ಪುಡಿಹಾಲು ಕುಡಿದ ಮಕ್ಕಳು ಎರಡು ವರ್ಷಕ್ಕೆ ಉದ್ದಕ್ಕೆ ಮೀರಿದ ತೂಕ ಹೊಂದಿದ್ದರು. ಎದೆಯಲ್ಲಿ ಕುಡಿಯುವ ಕೂಸು ಸಾಕಾದಾಗ ಬಾಯಿ ಬಿಡುತ್ತದೆ. ಬಾಟಲಿಯನ್ನು ಬರಿದುಮಾಡಿಸಲು ನಾವೇ ಹಟ ಹಿಡಿಯುತ್ತೇವೆ.

ಸೊಲ್ಲಾಪುರ, ಅಕ್ಕಲಕೋಟೆಯ ನಮ್ಮವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಪುಣೆಯ ಸಮೀಪದ ಹಳ್ಳಿಗಳಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ನವಜಾತ ಶಿಶುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ 3.5 ಕಿಲೋ. ನಮ್ಮ ಕೂಸುಗಳ ಸ್ನಾಯು ಬಹಳ ಕಡಿಮೆ, ಕೊಬ್ಬು ಮಾತ್ರ ಅಷ್ಟಾಗಿ ಕುಗ್ಗಿರಲಿಲ್ಲ. ಇಂಥ ಕೂಸುಗಳನ್ನು ಅವಸರದಿಂದ ದಪ್ಪ ಮಾಡಹೊರಡುವುದು ಜಾಣತನವೆಂದು ನಮಗೆ ತೋರದು.

ತಾಯಿ-ಮಗು ಕಾರ್ಡಿನ ಅಕ್ಷರ ಮಲೆಯಾಳವಿರಲಿ, ಮರಾಠಿಯಿರಲಿ (ಕನ್ನಡದಲ್ಲಿಯೂ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ), ಬೆಳವಣಿಗೆಯ ಗೆರೆ ಎಲ್ಲರಿಗೂ ಒಂದೇ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಈ ಮಾನದಂಡಕ್ಕೆ ಆಧಾರ, ದಕ್ಷಿಣ ದೆಹಲಿಯೂ ಸೇರಿದಂತೆ ಆರು ದೇಶಗಳ ಎದೆಹಾಲುಂಡ ಮಕ್ಕಳು. ನೆರೆಯ ಮಗುವನ್ನು ಬಿಟ್ಟು, ತನ್ನ ಕೂಸಿನದೇ ಗೆರೆ ತಿಂಗಳಿಂದ ತಿಂಗಳಿಗೆ ಏರುತ್ತಿದೆಯೇ ಎಂಬುದನ್ನು ನೋಡಬೇಕು. ಅದು ಮಟ್ಟವಾಗಿ ನಿಂತರೆ ಅಥವಾ ಇಳಿದರೆ ಡಬ್ಬಿ ಕೊಳ್ಳುವ ಮೊದಲು ವೈದ್ಯರಲ್ಲಿಗೆ ಒಯ್ಯಬೇಕು.