ಮನೆಯ ಹೊರಗಣ ಮನೆ

ಮನೆಯೆಂದರೆ ನಾಲ್ಕು ಗೋಡೆಗಳು ಮಾತ್ರವೆಂದು ನಮ್ಮ ಹಿರಿಯರು ಎಣಿಸಿದವರಲ್ಲ. ಬಾಗಿಲ ಹೊರಗಣ ಜಗಲಿಗೆ ‘ಅಲಿಂದ’ವೆಂದೂ, ಮನೆಯ ಬಯಲಿಗೆ ‘ಅಂಗಣ’ವೆಂದೂ, ಮನೆಗೆ ಹೊಂದಿದ ತೋಟಕ್ಕೆ ‘ನಿಷ್ಕುಟ’ವೆಂದೂ ಅಮರಕೋಶದಲ್ಲಿ ಬೇರೆ ಬೇರೆ ಹೆಸರುಗಳಿವೆ.

ಈ ಶಬ್ದಗಳನ್ನು ಮೂವತ್ತು ವರ್ಷಕಾಲ ಮಕ್ಕಳಿಂದ ಬಾಯಿಪಾಠ ಮಾಡಿಸಿದ ನಾನು ಅವುಗಳ ಅರ್ಥವನ್ನು ನನ್ನ ಮನೆಯಲ್ಲಿಯೇ ಮರೆತೆನು. ಬೆಂಗಳೂರಿನ ನಮ್ಮ ಮನೆಯ ಜಗಲಿ ಪಡುವಣಕ್ಕಿದೆ. ಅದರ ಮುಂದೆ ಒಂದು ಹೊಂಗೆಯ ಮರವಿತ್ತು. ನೆರೆಯ ವೃದ್ಧರೊಬ್ಬರು ದಿನವೂ ಸಂಜೆ ಬಂದು, ಆ ನೆರಳಿನಲ್ಲಿ ಗಳಿಗೆಹೊತ್ತು ಕುಳಿತು ಹೋಗುತ್ತಿದ್ದರು. ಎಲೆ ಗುಡಿಸುವ ಶ್ರಮ ತಪ್ಪಲೆಂದು ನಾನು ಮರವನ್ನು ಕಡಿಸಿ, ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿದೆನು. ಆ ಬೇಸಗೆಯಲ್ಲಿ ಹಗಲೆಲ್ಲ ಕಾದ ನೆಲವು ರಾತ್ರಿಯವರೆಗೂ ಬಿಸಿಯನ್ನು ಕಾರಿತು. ವೃದ್ಧರು ಬರುವುದನ್ನು ನಿಲ್ಲಿಸಿದರು. ಎರಡು ವರ್ಷಗಳ ಮೇಲೆ ನಾನು ಸಿಮೆಂಟನ್ನು ಒಡೆಯಿಸಿ ಮತ್ತೆ ಸಸಿ ನೆಟ್ಟಾಗ, ಕರೆಯೋಣವೆಂದರೆ ಅವರೇ ಇರಲಿಲ್ಲ.

ನಷ್ಟವು ಇಷ್ಟಕ್ಕೇ ನಿಲ್ಲದು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರು ಮಳೆಯಾಗುತ್ತದೆ. ವಾಚಕರು ಲೆಕ್ಕ ಹಾಕಿ ನೋಡಬಹುದು: 500 ಚದರಡಿಯ ಅಂಗಳದ ಮೇಲೆ ಬೀಳುವ ನೀರು ಸುಮಾರು 45,000 ಲೀಟರು. ಮಣ್ಣಿದ್ದರೆ ಅದರಲ್ಲಿ ಒಂದು ಪಾಲು ಇಂಗಿ ಅಂತರ್ಜಲವನ್ನು ಸೇರುವುದು. ಸಿಮೆಂಟಾದರೆ ಚರಂಡಿಗೆ ಹರಿಯುವುದು. 2024ರ ಬೇಸಗೆಯಲ್ಲಿ ಇದೇ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದುದನ್ನು ಎಲ್ಲರೂ ಬಲ್ಲರು.

ಆದಕಾರಣ ಮನೆ ಕಟ್ಟಿಸುವ ಗೃಹಸ್ಥರು ಒಳಗಿನ ಕೋಣೆಗಳಂತೆಯೇ ಹೊರಗಣ ಸ್ಥಳವನ್ನೂ ಮೊದಲೇ ಗೊತ್ತುಮಾಡಿಕೊಳ್ಳತಕ್ಕದ್ದು. ಜಗಲಿಯು ಮೂಡಣಕ್ಕಿದ್ದರೆ ಸಂಜೆ ಮನೆಯ ನೆರಳೇ ಅದಕ್ಕೆ ಸಾಕು. ಪಡುವಣಕ್ಕಿದ್ದರೆ ಮರವು ಅವಶ್ಯಕ. ನಡೆದಾಡುವಲ್ಲಿ ಮಾತ್ರ ಕಲ್ಲುಚಪ್ಪಡಿಗಳನ್ನು ಸಂದುಬಿಟ್ಟು ಹಾಸಿ, ಉಳಿದುದನ್ನು ಮಣ್ಣಾಗಿಯೇ ಬಿಡಿರಿ. ನೆಲದ ಇಳಿಜಾರು ಗೋಡೆಯಿಂದ ಆಚೆಗಿರಲಿ. ಇಲ್ಲವಾದರೆ ತಳಪಾಯಕ್ಕೆ ತೇವ ಹಿಡಿಯುವುದು. ಹಿತ್ತಲಿನಲ್ಲಿ ಬಚ್ಚಲ ನೀರು ಹರಿಯುವೆಡೆ ಬಾಳೆಯನ್ನೂ, ಬಿಸಿಲು ಬೀಳುವೆಡೆ ತುಳಸಿಯನ್ನೂ ನೆಡಿರಿ. ಎಲ್ಲಕ್ಕಿಂತ ಮಿಗಿಲಾಗಿ, ಬಂದವರು ಒಳಗೆ ಕರೆಯಿಸಿಕೊಳ್ಳದೆಯೇ ಕುಳಿತುಕೊಳ್ಳಬಹುದಾದ ಒಂದೆಡೆ ಇರಲಿ.

ನಾನು ಮರಳಿ ನೆಟ್ಟ ಹೊಂಗೆಯು ಈಗ ಆಳೆತ್ತರವಾಗಿದೆ. ಅದರ ನೆರಳು ಜಗಲಿಯನ್ನು ಮುಟ್ಟಲು ಇನ್ನೂ ಕೆಲವು ವರ್ಷಗಳು ಬೇಕು. ಉದುರಿದ ಎಲೆಗಳನ್ನು ಪ್ರತಿದಿನವೂ ನಾನೇ ಗುಡಿಸುತ್ತೇನೆ.