ಚಕ್ರದ ನಡುವಿನ ಗುಟ್ಟು

ಸೈಕಲ್ ಕೊಳ್ಳುವಾಗ ನಾವು ಬಣ್ಣ ನೋಡುತ್ತೇವೆ, ಬೆಲ್ ಬಾರಿಸಿ ನೋಡುತ್ತೇವೆ. ನಮ್ಮ ಭಾರ ಹೊತ್ತು ತಿರುಗುವ ಹಬ್ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಎತ್ತಿನ ಗಾಡಿಯ ಚಕ್ರಕ್ಕೆ ಗುಂಬ ಹೇಗೋ, ಸೈಕಲ್ ಚಕ್ರಕ್ಕೆ ಈ ಹಬ್ ಹಾಗೆ.

ಗಾಡಿಯ ಗುಂಬ ಅಚ್ಚಿಗೆ ಉಜ್ಜಿಕೊಂಡೇ ತಿರುಗುತ್ತದೆ. ಸೈಕಲ್ಲಿನಲ್ಲಿ ಆ ಉಜ್ಜಾಟ ತಪ್ಪಿಸಿದ್ದು ಉಕ್ಕಿನ ಗುಂಡುಗಳು. 1869ರಲ್ಲಿ ಪ್ಯಾರಿಸ್ಸಿನ ಜೂಲ್ ಸೂರಿರೇ ಇಂಥ ಬೇರಿಂಗಿಗೆ ಪೇಟೆಂಟ್ ಪಡೆದ. ಅದೇ ವರ್ಷ ನವೆಂಬರಿನಲ್ಲಿ ಪ್ಯಾರಿಸ್ಸಿನಿಂದ ರುವಾನ್‌ವರೆಗೆ ನಡೆದ ಸ್ಪರ್ಧೆಯಲ್ಲಿ ಗೆದ್ದ ಜೇಮ್ಸ್ ಮೂರ್ ತುಳಿದದ್ದು ಗುಂಡಿನ ಬೇರಿಂಗಿನ ಸೈಕಲ್ಲನ್ನೇ.

ನಮ್ಮ ಕಪ್ಪು ಸೈಕಲ್ಲುಗಳದೂ ಇದೇ ವಂಶ. ಸಾಮಾನ್ಯವಾಗಿ ಮುಂದಿನ ಹಬ್‌ನ ಒಂದೊಂದು ಬದಿಗೆ 10, ಹಿಂದಿನದಕ್ಕೆ 9 ಗುಂಡುಗಳು. ಹಿಂದಿನವು ದಪ್ಪ, ಏಕೆಂದರೆ ಹೆಚ್ಚು ಭಾರ ಅಲ್ಲೇ ಬೀಳುತ್ತದೆ. ಕೋನ್ ಬಿಗಿಯಾದರೆ ಗುಂಡು ಸವೆಯುತ್ತವೆ, ಸಡಿಲವಾದರೆ ಚಕ್ರ ಅಲ್ಲಾಡುತ್ತದೆ. ಓವರ್‌ಆಯಿಲಿಂಗ್ ಮಾಡಿಸಿ, ಗುಂಡು ಸವೆದಿದ್ದರೆ ಎಲ್ಲವನ್ನೂ ಒಟ್ಟಿಗೇ ಬದಲಿಸಿ, ಹೊಸ ಗ್ರೀಸ್ ತುಂಬಿದರೆ ಹಬ್ ಮತ್ತೆ ಸಿದ್ಧ.

ಈಗಿನ ಅನೇಕ ಸೈಕಲ್ಲುಗಳಲ್ಲಿ ಸೀಲ್ ಮಾಡಿದ ಬೇರಿಂಗ್ ಇರುತ್ತದೆ. ಧೂಳು, ನೀರು ಸುಲಭಕ್ಕೆ ಒಳಹೊಗುವುದಿಲ್ಲ, ಆಗಾಗ ಬಿಗಿ ಮಾಡಿಸುವ ಕೆಲಸವೂ ಇಲ್ಲ. ಆದರೆ ಕೆಟ್ಟರೆ ಬೇರಿಂಗನ್ನು ಇಡಿಯಾಗಿ ತೆಗೆದು ಅದೇ ಅಳತೆಯದನ್ನು ಕೂರಿಸಬೇಕು. ಮೂರನೆಯದು ಗೇರ್ ಹಬ್. 1902ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಶುರುವಾದ ಸ್ಟರ್ಮಿ ಆರ್ಚರ್ ಕಂಪನಿ ಮೂರು ಗೇರುಗಳನ್ನು ಹಬ್ ಒಳಗೇ ಅಡಗಿಸಿ ಹೆಸರು ಮಾಡಿತು. ಮಳೆ, ಕೆಸರಿನ ಕಾಟ ಅದಕ್ಕೆ ಕಡಿಮೆ. ಬಿಚ್ಚಿ ಜೋಡಿಸಲು ಮಾತ್ರ ಪಳಗಿದ ಕೈ ಬೇಕು.

ಹಾಗಾದರೆ ಯಾವುದು ಒಳ್ಳೆಯದು? ಮೊದಲು ರಿಮ್ಮಿನ ತೂತು ಎಣಿಸಿ. 40 ಕಡ್ಡಿಯ ರಿಮ್ಮಿಗೆ 36 ತೂತಿನ ಹಬ್ ಕೂರದು. ಆಕ್ಸಲ್ ಅನ್ನು ಬೆರಳಿನಿಂದ ತಿರುಗಿಸಿ, ಗರಗರ ಎನ್ನಬಾರದು. ಕೂರಿಸಿದ ಮೇಲೆ ರಿಮ್ ಹಿಡಿದು ಎಡಬಲಕ್ಕೆ ಅಲ್ಲಾಡಿಸಿ, ಆಟ ಇರಬಾರದು.

ಕೊನೆಯ ಪ್ರಶ್ನೆಯೇ ದೊಡ್ಡದು: ಇದು ಕೆಟ್ಟರೆ ನಮ್ಮೂರಲ್ಲಿ ಬಿಚ್ಚುವವರು ಇದ್ದಾರೆಯೇ? ಹಾಲಿನ ಕ್ಯಾನು ಕಟ್ಟಿಕೊಂಡು ಹೊರಡುವವನಿಗೆ ಚಕ್ರ ನಿಂತ ದಿನ ದುಡಿಮೆಯೂ ನಿಲ್ಲುತ್ತದೆ. ಅವನ ಪಾಲಿಗೆ, ಬೀದಿ ಮೂಲೆಯ ಅಂಗಡಿಯಲ್ಲೇ ರಿಪೇರಿಯಾಗುವ ಹಬ್ ಎಷ್ಟು ಹಳೆಯದಾದರೂ ಒಳ್ಳೆಯದೇ.