ಡಯಾಲಿಸಿಸ್‌ಗೆ ಆಸ್ಪತ್ರೆಯೇ ಆಗಬೇಕೆ?

ಡಯಾಲಿಸಿಸ್ ಎಂದರೆ ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗಿ ನಾಲ್ಕೈದು ತಾಸು ಯಂತ್ರದ ಪಕ್ಕ ಮಲಗುವುದು, ಮನೆಯಲ್ಲಿ ಮಾಡಿಕೊಳ್ಳುವುದೇನಿದ್ದರೂ ಎರಡನೇ ದರ್ಜೆಯದು ಎಂಬ ನಂಬಿಕೆ ನಮ್ಮಲ್ಲಿದೆ. ಆಸ್ಟ್ರೇಲಿಯಾದ ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಲ್ಲಿ ನೆಲೆಸಿದರೂ ಅದು ಸುಲಭವಾಗಿ ಬಿಟ್ಟುಹೋಗುವಂಥದ್ದಲ್ಲ. ನಂಬಿಕೆಗೆ ಕಾರಣವೂ ಇಲ್ಲದಿಲ್ಲ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಕಣ್ಣಿಗೆ ಬೀಳುವುದು ರಕ್ತ ಸೋಸುವ ಹಿಮೋಡಯಾಲಿಸಿಸ್ ಯಂತ್ರ. 2016ರಲ್ಲಿ ಕೇಂದ್ರ ಸರ್ಕಾರ ಡಯಾಲಿಸಿಸ್ ಕಾರ್ಯಕ್ರಮ ಆರಂಭಿಸಿದಾಗಲೂ ಒತ್ತು ಇದ್ದದ್ದು ಅದರ ಮೇಲೆಯೇ. ಹೊಟ್ಟೆಯ ಮೂಲಕ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್ ಸೇರಿದ್ದು 2019ರಲ್ಲಿ. ಆಸ್ಟ್ರೇಲಿಯಾದ ಲೆಕ್ಕವೇ ಬೇರೆ. ಡಯಾಲಿಸಿಸ್ ರೋಗಿಗಳ ಲೆಕ್ಕವಿಡುವ, ಅಡಿಲೇಡ್‌ನಲ್ಲಿರುವ ಆನ್ಜ್‌ಡೇಟಾ ನೋಂದಣಿಯ ಪ್ರಕಾರ ಅಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಸುಮಾರು ಕಾಲುಭಾಗ ಮಂದಿ ಅದನ್ನು ಮನೆಯಲ್ಲೇ ಮಾಡಿಕೊಳ್ಳುತ್ತಾರೆ.

ಮನೆಯ ಚಿಕಿತ್ಸೆಯಲ್ಲೂ ಎರಡು ದಾರಿಗಳಿವೆ. ತರಬೇತಿ ಪಡೆದು ಹಿಮೋಡಯಾಲಿಸಿಸ್ ಯಂತ್ರವನ್ನೇ ಮನೆಯಲ್ಲಿಟ್ಟುಕೊಳ್ಳಬಹುದು. ಇಲ್ಲವೇ ಹೊಟ್ಟೆಗೆ ಹಾಕಿದ ಮೆದು ಕೊಳವೆಯಲ್ಲಿ ದ್ರಾವಣ ತುಂಬಿಸಿ, ಹೊಟ್ಟೆಯ ಒಳಪೊರೆಯನ್ನೇ ಸೋಸುಬಟ್ಟೆಯಂತೆ ಬಳಸಿ, ಕೆಲವು ಗಂಟೆಗಳ ಬಳಿಕ ಹೊರಬಿಡಬಹುದು. ಇದನ್ನು ದಿನಕ್ಕೆ ನಾಲ್ಕು ಸಲ ಕೈಯಿಂದ ಮಾಡುವವರಿದ್ದಾರೆ. ಮಲಗಿದಾಗ ಯಂತ್ರಕ್ಕೆ ಬಿಡುವವರೂ ಇದ್ದಾರೆ. ಬದುಕುಳಿಯುವ ವಿಷಯದಲ್ಲಿ ಆಸ್ಪತ್ರೆಯ ಹಿಮೋಡಯಾಲಿಸಿಸ್‌ಗಿಂತ ಈ ಪೆರಿಟೋನಿಯಲ್ ಡಯಾಲಿಸಿಸ್ ಒಟ್ಟಾರೆ ಕಡಿಮೆಯದೆಂದು ಅಧ್ಯಯನಗಳು ತೋರಿಸಿಲ್ಲ. ಹಾಗೆಂದು ಇದೇ ಮೇಲು ಎನ್ನುವುದೂ ಅವಸರದ ಮಾತು: ಮನೆಯನ್ನು ಆರಿಸಿಕೊಳ್ಳುವವರಲ್ಲಿ ಗಟ್ಟಿಮುಟ್ಟಾದವರೇ ಹೆಚ್ಚಿದ್ದರೆ ಹೋಲಿಕೆ ಅಲ್ಲೇ ವಾಲುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ತ್ಯಾಜ್ಯ) ಏರಿದೊಡನೆ ಯಂತ್ರಕ್ಕೆ ಹಾಕಿಸಬೇಕು, ಯೋಚಿಸಲು ಸಮಯವೆಲ್ಲಿ ಎಂಬ ಆತಂಕಕ್ಕೂ ಉತ್ತರವಿದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ 828 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಐಡಿಯಲ್ ಅಧ್ಯಯನದಲ್ಲಿ, ಬೇಗ ಆರಂಭಿಸಿದವರು ತಡವಾಗಿ ಆರಂಭಿಸಿದವರಿಗಿಂತ ಹೆಚ್ಚು ಕಾಲವೇನೂ ಬದುಕಲಿಲ್ಲ. ತಡವಾಗಿ ಆರಂಭಿಸಬೇಕಿದ್ದವರಲ್ಲಿ ಬಹುಪಾಲು ಜನರಿಗೆ ಲಕ್ಷಣ ಕಾಣಿಸಿ ನಿಗದಿಗಿಂತ ಮೊದಲೇ ಶುರುಮಾಡಬೇಕಾಯಿತು ನಿಜ. ಅಂದರೆ ನೋಡಬೇಕಾದ್ದು ಮನುಷ್ಯನನ್ನು, ಬರೀ ವರದಿಯ ಅಂಕಿಯನ್ನಲ್ಲ.

ಪೆರಿಟೋನಿಯಲ್ ಡಯಾಲಿಸಿಸ್‌ನಲ್ಲಿ ಸೋಂಕಿನ ಭಯ ಸುಳ್ಳಲ್ಲ. ಕೈ ತೊಳೆಯುವ ಶಿಸ್ತು ತಪ್ಪಿದರೆ ಹೊಟ್ಟೆಯ ಪೊರೆಗೇ ಸೋಂಕು ತಗಲಬಹುದು. ಹೊರಬಿಟ್ಟ ದ್ರಾವಣ ಮಸುಕಾಗಿ ಕಂಡರೆ ಅಂದೇ ಆಸ್ಪತ್ರೆಗೆ ಫೋನ್ ಮಾಡಬೇಕು. ದ್ರಾವಣದ ಗ್ಲೂಕೋಸ್ ಮೈಗೆ ಸೇರುವುದರಿಂದ ಸಕ್ಕರೆ ಕಾಯಿಲೆಯವರ ಔಷಧಿ ಬದಲಾಗಬಹುದು. ದ್ರಾವಣದ ಜೊತೆ ಪ್ರೊಟೀನ್ ಕೂಡ ಹರಿದುಹೋಗುತ್ತದೆ, ಹಾಗಾಗಿ ಸಸ್ಯಾಹಾರಿಗಳು ಆಹಾರತಜ್ಞರೊಡನೆ ಬೇಳೆ, ಮೊಸರುಗಳ ಲೆಕ್ಕ ಮಾತಾಡಲೇಬೇಕು. ಆದರೆ ಆಸ್ಪತ್ರೆಯ ಹಿಮೋಡಯಾಲಿಸಿಸ್‌ನಲ್ಲಿ ಇಂಥ ತೊಡಕೇ ಇಲ್ಲವೆ? ಅಲ್ಲೂ ಸೂಜಿ ಚುಚ್ಚಲು ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಕಟ್ಟಿಕೊಳ್ಳಬಹುದು, ರಕ್ತದೊತ್ತಡ ಕುಸಿಯಬಹುದು, ಸೋಂಕೂ ಬರಬಹುದು. ಹಿಂದೆ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆ ಆದವರಿಗೆ ಪೆರಿಟೋನಿಯಲ್ ಡಯಾಲಿಸಿಸ್ ಹೊಂದದಿರಬಹುದು; ಕಣ್ಣು, ಕೈ ಸಾಗದೆ ನೆರವೂ ಇಲ್ಲದವರಿಗೆ ಆಸ್ಪತ್ರೆಯೇ ಸರಿ. ಉಳಿದವರು ವೈದ್ಯರನ್ನು ಮೊದಲು ಕೇಳಬೇಕಾದ ಪ್ರಶ್ನೆ, “ನನಗೆ ಮನೆಯಲ್ಲಿ ಆಗುವುದಿಲ್ಲ ಎನ್ನಲು ಏನಾದರೂ ಕಾರಣವಿದೆಯೇ?”

ಖರ್ಚಿನ ಬಗ್ಗೆ ಒಂದು ಮಾತು. ಆಸ್ಟ್ರೇಲಿಯಾದ ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕೇರ್ ಇರುವವರಿಗೆ ಅಲ್ಲಿನ ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ಉಚಿತ. ವಿಸಿಟರ್ ವೀಸಾದಲ್ಲಿ ಹೋಗುವ ಅಪ್ಪ, ಅಮ್ಮನಿಗೆ ಈ ಸೌಲಭ್ಯ ಅನ್ವಯಿಸದು. ಭಾರತದೊಂದಿಗೆ ಆಸ್ಟ್ರೇಲಿಯಾಕ್ಕೆ ಪರಸ್ಪರ ಆರೋಗ್ಯ ಒಪ್ಪಂದವಿಲ್ಲ. ಡಯಾಲಿಸಿಸ್‌ನಲ್ಲಿರುವವರನ್ನು ಕರೆಸಿಕೊಳ್ಳುವ ಮುನ್ನ, ಟಿಕೆಟ್ ಕೊಳ್ಳುವುದಕ್ಕೂ ಮೊದಲು, ಚಿಕಿತ್ಸೆಯ ಜಾಗ ಮತ್ತು ದರ ಎರಡನ್ನೂ ವಿಚಾರಿಸಿಕೊಳ್ಳಿ.